ಹೊಸ ಕಟ್ಟಡದ ಧೂಳು

ಮನೆ ಕಟ್ಟಿಸಿದವರಿಗೆ ಗೃಹಪ್ರವೇಶದ ಆತುರ ಸಹಜವಾದುದು. ಒಣ ಪೊರಕೆಯಿಂದ ಗುಡಿಸಿ, ರಂಗೋಲಿಯಿಟ್ಟರೆ ಮನೆ ಶುಚಿಯಾಯಿತೆಂದು ಅನೇಕರು ಭಾವಿಸುವರು. ಈ ಭಾವನೆ ಸರಿಯಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಕಲ್ಲಿನ ಸೀಮೆ. ಇಲ್ಲಿನ ಗ್ರಾನೈಟ್ ಶಿಲೆಗೆ ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯ ಹೆಸರನ್ನೇ ಇಟ್ಟಿದ್ದಾರೆ. ಕಲ್ಲನ್ನು ಕೊಯ್ದಾಗ, ಗಾರೆಯನ್ನು ಉಜ್ಜಿದಾಗ ಏಳುವ ಸಿಲಿಕಾ ಧೂಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದುದು. ಬಹುಕಾಲ ಅದನ್ನು ಸೇವಿಸಿದವರ ಶ್ವಾಸಕೋಶವು ಗಡುಸಾಗಿ ಉಸಿರೇ ಭಾರವಾಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1997ರಲ್ಲಿ ಇದನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು.

ಆದುದರಿಂದ ಕ್ರಮವನ್ನರಿತು ಶುಚಿಗೊಳಿಸಬೇಕು. ಕಿಟಕಿಗಳನ್ನು ತೆರೆದಿಟ್ಟು, ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸನ್ನೂ ಕೈಗವಸನ್ನೂ ಧರಿಸಬೇಕು. ಸಿಮೆಂಟಿನ ಕ್ಷಾರವು ಚರ್ಮವನ್ನು ಸುಡುವುದು. ಮೊದಲು ಸೂರು, ಬಳಿಕ ಗೋಡೆ, ಕಿಟಕಿ, ಕಟ್ಟಕಡೆಗೆ ನೆಲ. ಒರೆಸುವುದಕ್ಕೆ ಒದ್ದೆ ಬಟ್ಟೆಯೇ ಬೇಕು. ನೀರು ಚಿಮುಕಿಸದೆ ಗುಡಿಸಲಾಗದು. ಸಿಮೆಂಟಿನ ಕೆಸರನ್ನು ಮೋರಿಗೆ ಬಿಟ್ಟರೆ ಕೊಳವೆಯೊಳಗೆ ಕಲ್ಲಾಗುವುದು. ಕಲೆ ತೆಗೆಯಲು ಆಸಿಡ್ ಸುರಿದರೆ ಮೊಸಾಯಿಕ್, ಅಮೃತಶಿಲೆಗಳು ಸವೆಯುವುವು. ಅದರೊಡನೆ ಬ್ಲೀಚಿಂಗ್ ಪುಡಿ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಏಳುವುದು.

ಪೊರಕೆ ಹಿಡಿಯುವವರು ಬಹುಮಟ್ಟಿಗೆ ಹೆಂಗಸರು, ಕೂಲಿಯವರು. ಶಾಲೆಗಳಲ್ಲಿಯಾದರೆ ಎಷ್ಟೋ ವೇಳೆ ಮಕ್ಕಳು. ಹೊಸ ಕೊಠಡಿಯ ಧೂಳನ್ನು ಗುಡಿಸಲು ಮಕ್ಕಳನ್ನು ಕಳುಹಿಸುವುದು ತರವಲ್ಲವೆಂಬುದನ್ನು ಅಧ್ಯಾಪಕರು ನೆನೆಯಬೇಕು. ಕಟ್ಟಡ ಕಟ್ಟಿಸಿಕೊಡುವ ದಾನಿಗಳು ಅದರ ಶುಚಿಯ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿದರೆ ಆ ದಾನವು ಪೂರ್ಣವಾಗುವುದು.