ಉಡುಪಿ ಪರಿಸರದಲ್ಲಿ ನುಗ್ಗೆ

ನುಗ್ಗೆ (ವೈಜ್ಞಾನಿಕ ಹೆಸರು: ಮೊರಿಂಗ ಒಲಿಫೆರಾ) ಮೊರಿಂಗೇಸಿ ಕುಟುಂಬಕ್ಕೆ ಸೇರಿದ, ಬೇಗನೆ ಬೆಳೆಯುವ ಮರ. ವಾಯವ್ಯ ಭಾರತದ ಹಿಮಾಲಯದ ತಪ್ಪಲು ಇದರ ಮೂಲನೆಲೆ. ಉಡುಪಿ, ಕಾಪು, ಕಾರ್ಕಳದ ಕಡೆ ತುಳುವಿನಲ್ಲಿ ಇದು ನುರ್ಗೆ. ಕೊಂಕಣಿಯಲ್ಲಿ ಇದರ ಕಾಯಿ ಮಶಿಂಗಾಸಾಂಗ್.

ಈ ಭಾಗದಲ್ಲಿ ನುಗ್ಗೆಯು ಮುಖ್ಯವಾಗಿ ಹಿತ್ತಿಲ ಮರ. ಗೆಲ್ಲು ನೆಟ್ಟು ಬೆಳೆಸುವುದು ರೂಢಿ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ, ಮಳೆ ಹೆಚ್ಚಿರುವ ಕರಾವಳಿಯಲ್ಲಿ ಎತ್ತರದ ಜಾಗವೇ ಬೇಕು. ಮಳೆಗಾಲದಲ್ಲಿ ಕಾಂಡಕ್ಕೆ ಮುತ್ತುವ ಕಂಬಳಿಹುಳುಗಳಿಗೆ ಹೆದರಿ ಮರವನ್ನೇ ಕಡಿಯುವವರುಂಟು. ಸೊಪ್ಪಿನ ಗುಣವನ್ನು ನೋಡಿದರೆ ಇದು ನಷ್ಟವೇ ಸರಿ.

ಕಾಯಿಯನ್ನು ತೆಂಗಿನಕಾಯಿ ಅರೆದು ಹಾಕಿದ ಹುಳಿಗೂ ಸೊಪ್ಪನ್ನು ಹಲಸಿನ ಬೀಜ ಬೆರೆಸಿದ ಪಲ್ಯಕ್ಕೂ ಬಳಸುತ್ತಾರೆ. ಹೂವೂ ಖಾದ್ಯ. ಭಾರತೀಯ ಆಹಾರ ಕೋಷ್ಟಕಗಳಂತೆ 100 ಗ್ರಾಂ ಹಸಿ ಸೊಪ್ಪಿನಲ್ಲಿ 6 ಗ್ರಾಂಗೂ ಹೆಚ್ಚು ಪ್ರೋಟೀನು, 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಎ ಜೀವಸತ್ವವಾಗಿ ಮಾರ್ಪಡುವ ಕ್ಯಾರೋಟಿನ್ ಸಹ ಹೇರಳ. ಸಿ ಜೀವಸತ್ವವು ಬೇಯಿಸಿದಷ್ಟೂ ಕಡಿಮೆಯಾಗುವುದರಿಂದ ಸೊಪ್ಪನ್ನು ಹೆಚ್ಚು ಹೊತ್ತು ಕುದಿಸಬಾರದು.

ಸೊಪ್ಪಿನ ಪುಡಿ ಮಧುಮೇಹವನ್ನು ಗುಣಪಡಿಸುತ್ತದೆಂಬ ಪ್ರಚಾರಕ್ಕೆ ಸಾಕಷ್ಟು ಆಧಾರವಿಲ್ಲ. ಪುಡಿಯನ್ನು ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ಬಿಡುವುದು ಅಪಾಯಕರ. ಬೇರು ಮತ್ತು ಬೇರಿನ ತೊಗಟೆಯಲ್ಲಿ ವಿಷಕಾರಿ ಅಂಶಗಳಿದ್ದು, ಗರ್ಭಿಣಿಯರು ಅವನ್ನು ಸೇವಿಸಲೇಬಾರದು.

ಬಲಿತ ಬೀಜಕ್ಕೆ ಇನ್ನೊಂದು ಉಪಯೋಗವಿದೆ. ಸಿಪ್ಪೆ ತೆಗೆದು ಪುಡಿಮಾಡಿ ಕದಡಿದ ನೀರಿಗೆ ಬೆರೆಸಿದರೆ, ಅದರಲ್ಲಿರುವ ಪ್ರೋಟೀನು ಮಣ್ಣಿನ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುತ್ತದೆ. ಆದರೆ ರೋಗಾಣುಗಳೆಲ್ಲ ಇದರಿಂದ ನಾಶವಾಗುವುದಿಲ್ಲ. ತಿಳಿಯಾದ ನೀರನ್ನೂ ಕುದಿಸಿಯೇ ಕುಡಿಯಬೇಕು.