ತಿರುವೇ ಇಲ್ಲದ ದಾರಿಯಲ್ಲಿ ಒಂದು ಬ್ಯಾಕ್

ಫಲಿತಾಂಶ ಬಂದಾಗ ನಾನು ನಾರ್ಸ್‌ಮನ್ ಎಂಬ ಊರಿನ ಪೆಟ್ರೋಲ್ ಬಂಕ್‌ನಲ್ಲಿದ್ದೆ. ಪಶ್ಚಿಮ ಆಸ್ಟ್ರೇಲಿಯಾದ ಈ ಪುಟ್ಟ ಊರು ದಾಟಿದರೆ ಪೂರ್ವಕ್ಕೆ ಸೆಡೂನಾವರೆಗೆ ಸುಮಾರು 1,200 ಕಿ.ಮೀ. ಉದ್ದಕ್ಕೂ ಊರೆನ್ನುವಂಥ ಊರಿಲ್ಲ. ಅಲ್ಲೊಂದು ಇಲ್ಲೊಂದು ರೋಡ್‌ಹೌಸ್, ಅದರ ಸುತ್ತ ಮಾತ್ರ ಮೊಬೈಲ್ ಸಿಗ್ನಲ್. ಡೈನಮಿಕ್ಸ್ ಒಂದರಲ್ಲಿ ಫೇಲ್. ಪಾಸಾಗಲು ಏಳು ಅಂಕ ಕಮ್ಮಿ. ಮೊಬೈಲ್ ಜೇಬಿಗೆ ಹಾಕಿ, ಏನೂ ಆಗಿಲ್ಲದವನಂತೆ ಕಾರವಾನ್‌ಗೆ ನೀರಿನ ಕ್ಯಾನ್ ತುಂಬಲು ಹೋದೆ.

ನನ್ನಪ್ಪ ದಾವಣಗೆರೆಯಲ್ಲಿ ಬಸ್ ಚಾಲಕರು. ಇಪ್ಪತ್ತೆಂಟು ವರ್ಷ ಬೇರೆಯವರನ್ನು ಧರ್ಮಸ್ಥಳ, ತಿರುಪತಿಗೆ ಕರೆದೊಯ್ದವರು, ತಾವು ಪ್ರವಾಸ ಅಂತ ಹೋಗಿದ್ದೇ ಇಲ್ಲ. ಪರ್ತ್‌ನಲ್ಲಿರುವ ಸೋದರಮಾವ ಟಿಕೆಟ್ ಕಳಿಸಿ, 'ಭಾವ, ನನ್ನ ಕಾರವಾನ್ ಇದೆ, ನಲ್ಲಾರ್ಬರ್ ದಾಟಿ ಅಡಿಲೇಡ್‌ಗೆ ಹೋಗೋಣ, ನೀವೇ ಓಡಿಸಿ' ಎಂದಾಗ ಅಪ್ಪ ಮೊದಲು ಮಾಡಿದ ಕೆಲಸ ಆರ್‌ಟಿಒ ಕಚೇರಿಗೆ ಹೋಗಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿದ್ದು.

ಕಾರವಾನ್ ಎಂದರೆ ಅಮ್ಮನ ಕಲ್ಪನೆಯಲ್ಲಿ ಓಡುವ ಅಡುಗೆಮನೆ. ದಾರಿಯುದ್ದಕ್ಕೂ ಕಾಫಿ ಮಾಡಿಕೊಡುತ್ತೇನೆ ಅಂದುಕೊಂಡಿದ್ದರು. ಆದರೆ ಕಾರಿನ ಹಿಂದೆ ಎಳೆಯುವ ಈ ಮನೆಯೊಳಗೆ ಓಡುವಾಗ ಯಾರೂ ಇರುವಂತಿಲ್ಲ, ಅದು ಅಲ್ಲಿನ ಕಾನೂನು. ಇನ್ನೊಂದು ಪೆಟ್ಟು ಸೆಡೂನಾದ ತಪಾಸಣೆ: ಹಣ್ಣಿನ ನೊಣ ಹರಡಬಾರದೆಂದು ಹಣ್ಣು, ತರಕಾರಿ ಅಲ್ಲೇ ಬಿಟ್ಟು ಹೋಗಬೇಕು. 'ಬಿಸಾಕೋದಾ? ಅಷ್ಟರೊಳಗೆ ತಿಂದು ಮುಗಿಸಿ' ಎಂದು ಅಮ್ಮ ಮೂರೂ ಹೊತ್ತು ಟೊಮೆಟೊ ಗೊಜ್ಜು ಬಡಿಸಿದರು.

ನಲ್ಲಾರ್ಬರ್ ಅಂದರೆ ಲ್ಯಾಟಿನ್‌ನಲ್ಲಿ 'ಮರವಿಲ್ಲದ್ದು'. ನಾನು ಬರೀ ಬಯಲು ಕಾಣುತ್ತದೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹೆದ್ದಾರಿಯ ಬಹುಪಾಲು ನೀಲಗಿರಿ ಜಾತಿಯ ಮರ, ಕುರುಚಲು ಗಿಡಗಳ ನಡುವೆಯೇ ಸಾಗುತ್ತದೆ. ಬೋಳು ಬಯಲು ಸಿಗುವುದು ಆಮೇಲೆ, ಅದೂ ಸ್ವಲ್ಪ ದೂರ.

ಬಲ್ಲಡೋನಿಯಾದವರೆಗೆ ಮಾವ ನಿಧಾನವಾಗಿ ಓಡಿಸಿದರು. ಅಲ್ಲಿ ಅಪ್ಪ ಸ್ಟೇರಿಂಗ್ ಹಿಡಿದರು. ಅಲ್ಲಿಂದ ಮುಂದೆ ಕೈಗುನಾಕ್ಕೆ ಹೋಗುವ ರಸ್ತೆಯಲ್ಲಿ 146.6 ಕಿ.ಮೀ. ಒಂದೇ ಒಂದು ತಿರುವಿಲ್ಲ. ಹೆಚ್ಚುಕಡಿಮೆ ದಾವಣಗೆರೆಯಿಂದ ಹುಬ್ಬಳ್ಳಿಯಷ್ಟು ದೂರ, ಸ್ಕೇಲ್ ಇಟ್ಟು ಗೆರೆ ಎಳೆದಂತೆ. 'ತಿರುವಿರೋ ಘಾಟಿ ಚಾಲಕನ್ನ ಎಚ್ಚರವಾಗಿಡುತ್ತೆ. ನಿದ್ದೆಗೆ ಕೆಡವೋದು ಇಂಥ ದಾರಿ' ಅಂದರು ಅಪ್ಪ. ಒಂದು ಕಡೆ ರಸ್ತೆಯ ಮೇಲೆಯೇ ವಿಮಾನದ ರನ್‌ವೇಯ ಪಟ್ಟಿ ಬಳಿದಿತ್ತು. ತುರ್ತು ಇದ್ದರೆ ಫ್ಲೈಯಿಂಗ್ ಡಾಕ್ಟರ್ ಸೇವೆಯ ವಿಮಾನ ಹೆದ್ದಾರಿಗೇ ಇಳಿಯುತ್ತದಂತೆ. ಆಸ್ಪತ್ರೆ ಎಷ್ಟು ದೂರ ಎಂದು ಕೇಳಲು ಹೊರಟಿದ್ದ ಅಮ್ಮ ಸುಮ್ಮನಾದರು.

ಅದಾಗಿ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಒಂದು ರೋಡ್ ಟ್ರೇನ್ ಬಂತು. ಲಾರಿಗೆ ಟ್ರೇಲರ್ ಮೇಲೆ ಟ್ರೇಲರ್ ಕಟ್ಟಿದ ವಾಹನ. ಈ ಹೆದ್ದಾರಿಯಲ್ಲಿ 36.5 ಮೀಟರ್ ಉದ್ದದವರೆಗೂ ಬಿಡುತ್ತಾರೆ, ನಮ್ಮ ಮೂರು ಬಸ್ ಸಾಲಾಗಿ ನಿಲ್ಲಿಸಿದಷ್ಟು. ಅದು ನಮ್ಮನ್ನು ದಾಟುತ್ತಿದ್ದಂತೆ ಗಾಳಿಯ ಹೊಡೆತಕ್ಕೆ ಕಾರವಾನ್ ಬಾಲದಂತೆ ಬೀಸತೊಡಗಿತು. ಎಡಕ್ಕೆ, ಬಲಕ್ಕೆ, ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗಿ. ಕಾರಿನ ಹಿಂಭಾಗವನ್ನೇ ಎತ್ತಿ ಒಗೆಯುತ್ತಿತ್ತು. ಅತ್ತೆ ಪುಟ್ಟಿಯನ್ನು ಅವಚಿಕೊಂಡರು. 'ಬ್ರೇಕ್!' ಎಂದು ಕೂಗಿದ್ದು ನಾನೇ.

ಅಪ್ಪ ಬ್ರೇಕ್ ತುಳಿಯಲಿಲ್ಲ. ಸ್ಟೇರಿಂಗ್ ನೇರಕ್ಕೆ ಹಿಡಿದು, ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆದರು. ಪಕ್ಕದಲ್ಲಿದ್ದ ಮಾವ ಡ್ಯಾಶ್‌ಬೋರ್ಡ್‌ನ ಗುಂಡಿ ಒತ್ತಿ ಕಾರವಾನ್‌ನ ಬ್ರೇಕ್ ಮಾತ್ರ ಹಿಡಿದರು. ಹತ್ತು ಸೆಕೆಂಡ್ ಇರಬಹುದು. ಓಲಾಟ ನಿಂತಿತು.

ಗಾಡಿ ಬದಿಗೆ ಹಾಕಿ ಬಾಗಿಲು ತೆರೆದರೆ ಕಾರಣ ಎದುರಿಗೇ ಇತ್ತು. ಇಪ್ಪತ್ತು ಲೀಟರ್‌ನ ಎರಡು ನೀರಿನ ಕ್ಯಾನ್, ಅಕ್ಕಿ ಮೂಟೆ, ಟೂಲ್ ಬಾಕ್ಸ್ ಎಲ್ಲವೂ ಹಿಂದಿನ ಗೋಡೆಗೆ ಒರಗಿದ್ದವು. ನಾರ್ಸ್‌ಮನ್‌ನಲ್ಲಿ ಅಮ್ಮನಿಗೆ ಓಡಾಡಲು ಜಾಗ ಆಗಲೆಂದು ಹಾಗೆ ಜೋಡಿಸಿದ್ದು ನಾನು.

'ಯಾರು ಇಟ್ಟಿದ್ದು?' ಅಪ್ಪ ಕೇಳಿದರು.

'ನಾನು. ಅಪ್ಪಾ, ಡೈನಮಿಕ್ಸ್ ಬ್ಯಾಕ್ ಆಗಿದೆ.'

ಎರಡನ್ನೂ ಒಂದೇ ಉಸಿರಿಗೆ ಯಾಕೆ ಹೇಳಿದೆನೋ ಗೊತ್ತಿಲ್ಲ. ಅಪ್ಪ ಮಾತಾಡದೆ ಕ್ಯಾನ್ ಎತ್ತಿ ಚಕ್ರದ ಅಚ್ಚಿನ ಮೇಲಕ್ಕೆ ತಂದಿಟ್ಟರು. ನಾನು ಮೂಟೆ ಎಳೆದೆ. ಕೈಗುನಾದಲ್ಲಿ ಗಡಿಯಾರ 45 ನಿಮಿಷ ಮುಂದಿಡಿ ಎಂಬ ಬೋರ್ಡ್ ಬಂದಾಗಲೂ ಅವರು ತುಟಿ ಬಿಚ್ಚಲಿಲ್ಲ.

ರಾತ್ರಿ ಕಾಕಲ್‌ಬಿಡ್ಡಿಯಲ್ಲಿ ತಂಗಿದೆವು. ಊಟವಾದ ಮೇಲೆ ಅಪ್ಪ ಕರೆದರು. 'ಹಿಂದೆ ಭಾರ ಇಟ್ರೆ ಯಾಕೆ ಬೀಸುತ್ತೆ? ನನಗೆ ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ನೀನು ಹೇಳು.'

ಟಾರ್ಚ್ ಬೆಳಕಲ್ಲಿ ಮಣ್ಣಿನ ಮೇಲೆ ಗೆರೆ ಎಳೆದೆ. ಕೊಂಡಿಯ ಮೇಲೆ ಭಾರ ಕಮ್ಮಿಯಾದರೆ ಹಿಡಿತ ತಪ್ಪುವುದು, ತುದಿಯಲ್ಲಿರುವ ಭಾರ ಒಮ್ಮೆ ಬೀಸತೊಡಗಿದರೆ ನಿಲ್ಲಿಸುವುದು ಕಷ್ಟವೆಂಬುದು, ವೇಗ ಹೆಚ್ಚಿದಷ್ಟೂ ಓಲಾಟ ತಣಿಯದೆ ಬೆಳೆಯುವುದು. ಪರೀಕ್ಷೆಗೆ ಉರು ಹೊಡೆದಿದ್ದ ವಾಕ್ಯಗಳೇ. 'ಹಂಗಾದ್ರೆ ಬಸ್ಸಿನ ಹಿಂದಿನ ಡಿಕ್ಕಿ ತುಂಬಾ ಲಗೇಜ್ ಇದ್ರೂ ಯಾಕೆ ಹಿಂಗಾಗಲ್ಲ?' ಎಂದರು. ನಾನು ತಡವರಿಸಿದೆ. ಬಸ್ಸಿಗೆ ನಡುವೆ ಕೊಂಡಿಯಿಲ್ಲ, ಅದು ಒಂದೇ ಮೈ ಎಂದು ಹೊಳೆಯಲು ಐದು ನಿಮಿಷ ಬೇಕಾಯಿತು. ಅಪ್ಪ 'ಹ್ಞೂಂ' ಅಂದು ಮಲಗಲು ಹೋದರು.

ಸೆಡೂನಾದಲ್ಲಿ ತಪಾಸಣೆಯವರು ಫ್ರಿಜ್ ತೆಗೆಸಿ, ಅಮ್ಮ ಮರೆತಿದ್ದ ಎರಡು ನಿಂಬೆಹಣ್ಣು ಎತ್ತಿಕೊಂಡರು. ಅಲ್ಲಿ ಸಿಗ್ನಲ್ ಚೆನ್ನಾಗಿತ್ತು. ಅಪ್ಪ ತಮ್ಮ ಮೊಬೈಲ್ ನನ್ನ ಕೈಗಿಟ್ಟು, 'ಪರೀಕ್ಷೆ ಫೀಸು ಎಷ್ಟು ನೋಡು' ಅಂದರು.