ಹೆರಿಗೆ ರಜೆಯ ಪಗಾರ: ಭಾನುವಾರವೂ ಲೆಕ್ಕಕ್ಕುಂಟು

ಗಿರಣಿ ಹೆಂಗಸರಿಗಾಗಿ ಹೆರಿಗೆ ಭತ್ಯೆಯ ಕಾನೂನು 1929ರಲ್ಲೇ ನಮ್ಮ ಮುಂಬಯಿ ಪ್ರಾಂತ್ಯದಲ್ಲಿ ಬಂದಿತ್ತು. ಆದರೂ ಈ ಹಣದ ಲೆಕ್ಕ ನಮ್ಮಲ್ಲಿ ಬಹಳಷ್ಟು ಮಂದಿಗೆ ಇನ್ನೂ ಒಗಟೇ. ಬನ್ನಿ, ಬಿಡಿಸೋಣ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ಲೆಕ್ಕದ ಕ್ರಮ ಮಾತ್ರ 1961ರ ಕಾಯ್ದೆಯದ್ದೇ. ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿರಬೇಕು. ಮೊದಲ ಎರಡು ಹೆರಿಗೆಗೆ 26 ವಾರ ರಜೆ. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ.

ರಜೆಗೆ ಮುಂಚಿನ ಮೂರು ತಿಂಗಳ ಪಗಾರವನ್ನು ದುಡಿದ ದಿನಗಳಿಂದ ಭಾಗಿಸಿದರೆ ಸರಾಸರಿ ದಿನಗೂಲಿ ಸಿಗುತ್ತದೆ. ಮನೆಬಾಡಿಗೆ, ಪ್ರಯಾಣ ಭತ್ಯೆಗಳು ಇದರಲ್ಲಿ ಸೇರುವುದಿಲ್ಲ. ಆದರೆ ಇಂಥವು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಭಾಗ ಪಗಾರಕ್ಕೇ ಸೇರುತ್ತದೆ.

ಅಂಧೇರಿಯ ಒಬ್ಬಾಕೆ 75 ದಿನ ದುಡಿದು 75,000 ರೂಪಾಯಿ ಪಡೆದರೆನ್ನಿ. ದಿನಕ್ಕೆ 1,000 ಆಯಿತು. 26 ವಾರಕ್ಕೆ 182 ದಿನ, ಅಂದರೆ 1,82,000 ರೂಪಾಯಿ. ಭಾನುವಾರಗಳನ್ನು ಕಳೆದರೆ 26,000 ಖೋತಾ! ಹಾಗೆ ಕಳೆಯುವಂತಿಲ್ಲ, ವಾರವೆಂದರೆ ಏಳೂ ದಿನ ಎಂದು ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ.

ಕಂಪನಿ ಉಚಿತ ವೈದ್ಯಕೀಯ ಆರೈಕೆ ಕೊಡದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಬೇರೆ ಉಂಟು. ಇಎಸ್‌ಐ ಇರುವವರಿಗೆ ಹಣ ಕೊಡುವುದು ಮಾಲೀಕರಲ್ಲ, ಇಎಸ್‌ಐ ನಿಗಮ.

ಹಾಗಾಗಿ ಅಕ್ಕಂದಿರೇ, ರಜೆಗೆ ಹೋಗುವ ಮುನ್ನ ಮೂರು ತಿಂಗಳ ಪಗಾರ ಚೀಟಿಗಳನ್ನು ಜೋಪಾನವಾಗಿಡಿ, 182ರಿಂದ ನೀವೇ ಒಮ್ಮೆ ಗುಣಿಸಿ ನೋಡಿ.